ಕೆಮ್ಮು ನಿಂತ ಮೇಲೂ ಗುಳಿಗೆ ಏಕೆ?

ಕ್ಷಯರೋಗದ ಔಷಧಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತಿದ್ದರೂ, ಅವುಗಳನ್ನು ಕೊನೆಯ ದಿನದವರೆಗೆ ಸೇವಿಸುವಂತೆ ರೋಗಿಯನ್ನು ಸಿದ್ಧಗೊಳಿಸುವ ಕೆಲಸ ಇಂದಿಗೂ ಕಠಿಣವಾಗಿಯೇ ಉಳಿದಿದೆ. ಔಷಧಕ್ಕೆ ಬಗ್ಗುವ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಬೇಕಾಗುತ್ತದೆ. ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮತ್ತು ಎಥಾಂಬ್ಯುಟಾಲ್ ಎಂಬ ನಾಲ್ಕು ಔಷಧಗಳನ್ನೂ, ಅನಂತರದ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರನ್ನೂ ದಿನವೂ ಕೊಡಲಾಗುತ್ತದೆ. ಮೊದಲ ಹಂತದಲ್ಲಿಯೇ ಬಹುಪಾಲು ರೋಗಾಣುಗಳು ಸತ್ತು, ಕೆಮ್ಮು ಜ್ವರಗಳು ಇಳಿದು, ಹಸಿವು ಮರಳುವುದರಿಂದ ಇನ್ನು ಗುಳಿಗೆ ಬೇಡವೆಂದು ರೋಗಿಗೆ ಅನ್ನಿಸುವುದು ಸಹಜ. ಆದರೆ ನಿಧಾನವಾಗಿ ಬೆಳೆಯುವ ಕೆಲವು ರೋಗಾಣುಗಳು ಆಗಲೂ ಶ್ವಾಸಕೋಶದಲ್ಲಿ ಉಳಿದಿದ್ದು, ಚಿಕಿತ್ಸೆ ನಿಂತರೆ ಮತ್ತೆ ವೃದ್ಧಿಯಾಗುತ್ತವೆ. ಔಷಧವನ್ನು ಆಗೊಮ್ಮೆ ಈಗೊಮ್ಮೆ ಸೇವಿಸಿದರೆ ರೋಗಾಣುಗಳು ಅದಕ್ಕೆ ಜಗ್ಗದಿರುವ ಶಕ್ತಿಯನ್ನು, ಎಂದರೆ ಔಷಧ ನಿರೋಧಕತೆಯನ್ನು, ಪಡೆಯುವ ಅಪಾಯವೂ ಇದೆ.

ಆರೋಗ್ಯ ಶಿಕ್ಷಣವೆಂದರೆ ಈ ಸಂಗತಿಯನ್ನು ರೋಗಿಗೂ ಅವನ ಮನೆಯವರಿಗೂ ಮನವರಿಕೆ ಮಾಡುವುದು. ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಅಧ್ಯಯನವು ಮನೆಯಲ್ಲಿದ್ದುಕೊಂಡೇ ಔಷಧ ಪಡೆದ ಬಡ ರೋಗಿಗಳೂ ಸ್ಯಾನಟೋರಿಯಂ ಎಂಬ ಕ್ಷಯ ಚಿಕಿತ್ಸಾಲಯದಲ್ಲಿದ್ದವರಂತೆಯೇ ಗುಣವಾಗಬಲ್ಲರೆಂದು ತೋರಿಸಿದ ಮೇಲೆ, ಚಿಕಿತ್ಸೆಯ ಹೊಣೆಯ ದೊಡ್ಡ ಭಾಗ ಮನೆಗೇ ಬಂದಿತು. ರೋಗಿಗಳು ಅಜ್ಞಾನದಿಂದ ಉದಾಸೀನರಾಗಿರುತ್ತಾರೆಂಬ ನಂಬಿಕೆಯನ್ನು ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಅಲುಗಾಡಿಸಿತು: ಬಹುಪಾಲು ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಆದ್ದರಿಂದ ಉಪದೇಶಕ್ಕಿಂತ ರೋಗಿಯ ಪ್ರಶ್ನೆಗಳಿಗೆ ಉತ್ತರಿಸುವ ಸಂಭಾಷಣೆಯೇ ಹೆಚ್ಚು ಫಲಕಾರಿ.

ಆ ಪ್ರಶ್ನೆಗಳು ಬಹಳ ಸರಳವಾದವು. ರಿಫಾಂಪಿಸಿನ್ ಸೇವಿಸಿದಾಗ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇದರಿಂದ ಅಪಾಯವಿಲ್ಲವೆಂದು ಮೊದಲೇ ತಿಳಿಸದಿದ್ದರೆ ರೋಗಿ ಅದನ್ನು ರಕ್ತವೆಂದು ಭಾವಿಸಿ ಹೆದರಿ ಗುಳಿಗೆ ಬಿಡಬಹುದು. ಆದರೆ ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ ಅಥವಾ ವಾಂತಿ ನಿಲ್ಲದಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಇಂಥ ವಿವರಗಳನ್ನು ಮೊದಲ ದಿನವೇ ಒಟ್ಟಿಗೆ ಹೇಳಿ ಮುಗಿಸಿದರೆ ದಣಿದ ರೋಗಿಗೆ ನೆನಪಿರುವುದಿಲ್ಲ. ಆತ ಚೇತರಿಸಿಕೊಂಡು ಕೆಲಸಕ್ಕೆ ಹೊರಟಾಗಲೇ ಆಶಾ ಕಾರ್ಯಕರ್ತೆ ಮತ್ತೆ ಮಾತನಾಡಿಸಬೇಕು.

ಹಾಗೆಂದು ತಿಳಿವಳಿಕೆಯೊಂದೇ ಸಾಲದು. ಕೂಲಿ ತಪ್ಪಿಸಿಕೊಂಡು ಬಂದವನಿಗೆ ಔಷಧ ದಾಸ್ತಾನಿಲ್ಲವೆಂದು ಹೇಳಿ ಕಳುಹಿಸುವ ಕೇಂದ್ರಕ್ಕೆ ಅವನನ್ನು ಬೇಜವಾಬ್ದಾರಿಯವನೆಂದು ದೂರುವ ಹಕ್ಕಿಲ್ಲ. ಔಷಧದ ಜೊತೆಗೆ, ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಡಿ ಕ್ಷಯರೋಗಿಯ ಪೌಷ್ಟಿಕ ಆಹಾರಕ್ಕಾಗಿ ಕೊಡುತ್ತಿದ್ದ ತಿಂಗಳ 500 ರೂಪಾಯಿ 2024ರ ನವೆಂಬರ್‌ನಿಂದ 1,000 ರೂಪಾಯಿಗೆ ಏರಿದೆ. ಮನೆಯಲ್ಲಿ ಕ್ಷಯರೋಗಿ ಇರುವವರು ಈ ನೆರವು ಬರುತ್ತಿದೆಯೇ ಎಂದು ಸಮೀಪದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ವೈದ್ಯರು ಸಾಕೆಂದು ಹೇಳುವವರೆಗೆ ಒಂದು ದಿನದ ಗುಳಿಗೆಯೂ ತಪ್ಪದಂತೆ ನೋಡಿಕೊಳ್ಳಬೇಕು.