ಕಾಂಟೆಸ್ಸಾದ ಪೆಟ್ರೋಲ್ ಪೈಪಿಗೆ ಮರದ ಕ್ಲಿಪ್ಪು

ಪುಣೆಯ ಕಾತ್ರಜ್ ಕಡೆಯ ಒಂದು ಶೆಡ್ಡು. ಒಳಗೆ ನಿಂತಿದ್ದ ಬಿಳಿ ಕಾಂಟೆಸ್ಸಾದ ಬಾನೆಟ್ ಎತ್ತಿದರೆ ಪೆಟ್ರೋಲ್ ಪೈಪಿನುದ್ದಕ್ಕೂ ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳು! ಕಾರಿನ ಯಜಮಾನರು ಧಾರವಾಡದವರು, ಪುಣೆಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ವರ್ಷಕ್ಕೊಮ್ಮೆ ಇದೇ ಗಾಡಿಯಲ್ಲಿ ಊರಿಗೆ ಹೋಗಿಬರುತ್ತಾರೆ. ಸಾತಾರ, ಕರಾಡ್, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ದಾಟಿ ನಾನೂರು ಕಿಲೋಮೀಟರಿಗೂ ಮೀರಿದ ದಾರಿ. ನಾನು ಹೋದಾಗ ಆ ಪ್ರಯಾಣದ ತಯಾರಿ ನಡೆದಿತ್ತು. “ನೀವು ನಂಬ್ರಿ, ಬಿಡ್ರಿ. ಇವನ್ನ ಹಾಕಿದ ಮ್ಯಾಲೆ ಖಂಬಾಟ್ಕಿ ಘಾಟ್‌ನ್ಯಾಗ ಗಾಡಿ ನಿಂತಿಲ್ರೀ” ಎಂದರು. ಆ ಕ್ಲಿಪ್ಪುಗಳು ಅಂದಿನಿಂದ ನನ್ನ ತಲೆಯಿಂದ ಇಳಿದಿಲ್ಲ.

ಕಾಂಟೆಸ್ಸಾದ ಚರಿತ್ರೆ ಗೊತ್ತಿದ್ದದ್ದೇ. ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪನಿ 1972ರಲ್ಲಿ ತಂದ ವಿಕ್ಟರ್ ಕಾರಿನ ಮೈಯನ್ನು ಹಿಂದೂಸ್ತಾನ್ ಮೋಟರ್ಸ್ 1984ರಲ್ಲಿ ನಮ್ಮ ರಸ್ತೆಗೆ ಇಳಿಸಿತು. ಉದ್ದ ಮೂತಿ, ಅಗಲ ಭುಜ, ಹಿಂದಿನ ಚಕ್ರ ದೂಡುವ ಎಂಜಿನ್. ನಮ್ಮವರು ಇದನ್ನು ಭಾರತದ ಮಸಲ್ ಕಾರ್ ಎಂದು ಕರೆದದ್ದು ಈ ಮೈಕಟ್ಟು ನೋಡಿ. ಅಮೆರಿಕದಲ್ಲಿ ಆ ಹೆಸರಿಗೆ ದಾರಿ ಮಾಡಿದ 1964ರ ಪಾಂಟಿಯಾಕ್ ಜಿಟಿಓದಲ್ಲಿ 6.4 ಲೀಟರಿನ ವಿ8 ಎಂಜಿನ್ ಇತ್ತು. ನಮ್ಮ ಮೊದಲ ಕಾಂಟೆಸ್ಸಾಗೆ ಸಿಕ್ಕಿದ್ದು ಅಂಬಾಸಿಡರಿನ 1489 ಸಿಸಿ ಎಂಜಿನ್, ಸುಮಾರು 50 ಅಶ್ವಶಕ್ತಿ. ಆಮೇಲೆ 88 ಅಶ್ವಶಕ್ತಿಯ ಇಸುಜು 1.8 ಬಂತು, ಐದು ಗೇರು ಬಂದವು. ಮಾರುತಿ 800 ನಲವತ್ತು ಅಶ್ವಶಕ್ತಿಯನ್ನೂ ಮುಟ್ಟದ ಆ ಕಾಲದಲ್ಲಿ ಇಸುಜು ಕಾಂಟೆಸ್ಸಾ ಹೆದ್ದಾರಿಯ ದೊರೆ. ಮಸಲ್ ಕಾರ್ ಎಂಬ ಬಿರುದು ಈ ಗಾಡಿಗೆ ಸಲ್ಲುತ್ತದೆ ಎಂದೇ ನಾನು ವಾದಿಸುತ್ತೇನೆ. 2002ರಲ್ಲಿ ತಯಾರಿಕೆ ನಿಂತಿತು.

ಕ್ಲಿಪ್ಪಿನ ವಿಷಯಕ್ಕೆ ಬರೋಣ. ಕಾರ್ಬೊರೇಟರ್ ಕಾಲದ ಕಾರುಗಳಲ್ಲಿ ಪೆಟ್ರೋಲ್ ಪಂಪು ಸಾಮಾನ್ಯವಾಗಿ ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಟ್ಯಾಂಕು ದೂರದ ಡಿಕ್ಕಿಯ ಕಡೆ. ಪಂಪು ಪೆಟ್ರೋಲನ್ನು ಎಳೆಯುವಾಗ ಪೈಪಿನಲ್ಲಿ ಒತ್ತಡ ಇಳಿಯುತ್ತದೆ, ಒತ್ತಡ ಇಳಿದಲ್ಲಿ ದ್ರವ ಬೇಗ ಕುದಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಲಾರಿಗಳ ಹಿಂದೆ ಮೊದಲ ಗೇರಿನಲ್ಲಿ ಘಾಟ್ ಹತ್ತುವಾಗ ಪೈಪಿನೊಳಗೆ ಆವಿಯ ಗುಳ್ಳೆ ಕಟ್ಟುತ್ತದೆ, ಪಂಪಿನ ಪಟ್ಟು ತಪ್ಪುತ್ತದೆ, ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಇದೇ ವೇಪರ್ ಲಾಕ್. ಪೈಪಿಗೆ ಮರದ ಕ್ಲಿಪ್ ಕಚ್ಚಿಸಿದರೆ ಅದು ಬಿಸಿ ಹೀರುತ್ತದೆ ಎನ್ನುವುದು ಅಮೆರಿಕದ ಹಳೇ ಕಾರಿನವರಲ್ಲಿ ದಶಕಗಳಿಂದ ಬಂದ ನಂಬಿಕೆ. ನನಗೆ ಒಪ್ಪಿಗೆಯಾಗುವುದಿಲ್ಲ. ಮರ ಶಾಖವನ್ನು ಸಾಗಿಸುವ ವಸ್ತುವೇ ಅಲ್ಲ. ಅದಕ್ಕೇ ತಾನೆ ಬಾಣಲೆಗೆ ಮರದ ಹಿಡಿ ಹಾಕುವುದು? ಕ್ಲಿಪ್ಪು ಮುಚ್ಚಿದಷ್ಟು ಜಾಗಕ್ಕೆ ಎಂಜಿನ್ನಿನ ಝಳ ತುಸು ಕಡಿಮೆ ತಾಗಬಹುದು, ಅಷ್ಟೆ.

ಯಜಮಾನರ ಜೊತೆ ಈ ವಾದ ಎರಡು ಲೋಟ ಚಹಾದಷ್ಟು ಹೊತ್ತು ನಡೆಯಿತು. ಆಮೇಲೆ ಗೊತ್ತಾಯಿತು, ಅವರು ಘಾಟ್ ಕೆಳಗೆ ನಿಲ್ಲಿಸಿ ಪಂಪಿಗೆ ಒದ್ದೆ ಬಟ್ಟೆಯನ್ನೂ ಸುತ್ತುತ್ತಾರೆ! ಅಂಬಾಸಿಡರ್, ಪದ್ಮಿನಿ ಓಡಿಸಿದ ಡ್ರೈವರುಗಳಿಗೆಲ್ಲ ಗೊತ್ತಿದ್ದ ಉಪಾಯವಿದು, ಇದರಲ್ಲಿ ನನಗೆ ಪೂರ್ಣ ವಿಶ್ವಾಸ. ನೀರು ಆರುತ್ತ ಲೋಹದ ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ. ಗಾಡಿ ನಿಲ್ಲದಿರುವ ಪುಣ್ಯ ಈ ಬಟ್ಟೆಯದು ಎಂದು ನನ್ನ ಲೆಕ್ಕ. ಟ್ಯಾಂಕಿನ ಬಳಿ ಎಲೆಕ್ಟ್ರಿಕ್ ಪಂಪು ಕೂರಿಸಿದರೆ ಇನ್ನೂ ಒಳ್ಳೆಯದು. ಅದು ಎಳೆಯುವ ಬದಲು ದೂಡುತ್ತದೆ, ಪೈಪಿನಲ್ಲಿ ಒತ್ತಡ ಉಳಿಯುತ್ತದೆ.

ಈಗ ಪೆಟ್ರೋಲೇ ಬದಲಾಗಿದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಬೆರೆಯಿತು. ಸಾತಾರದಿಂದ ಬೆಳಗಾವಿವರೆಗೆ ರಸ್ತೆಯ ಎರಡೂ ಬದಿ ಕಾಣುವ ಕಬ್ಬು ಆ ಎಥೆನಾಲಿನ ಒಂದು ಮೂಲ. ಹೊಲದ ರೈತನಿಗೆ ಇದರಿಂದ ಒಳ್ಳೆಯದಾಗಲಿ, ನನ್ನ ತಕರಾರಿಲ್ಲ. ಆದರೆ ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್, ಕಾರ್ಬೊರೇಟರಿನ ವಾಷರುಗಳು ಎಥೆನಾಲಿಗೆ ಉಬ್ಬುತ್ತವೆ, ಬಿರಿಯುತ್ತವೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿಯೇ. ಆದ್ದರಿಂದ ಪ್ರಯಾಣಕ್ಕೆ ಮೊದಲು ಪೈಪುಗಳನ್ನೆಲ್ಲ ಕಿತ್ತು ಎಥೆನಾಲ್ ತಡೆಯುವ ವೈಟಾನ್ ಪೈಪು ಹಾಕಿಸಬೇಕು. ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಕಾರ್ಬೊರೇಟರಿನ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಜೆಟ್ಟು ತುಸು ದೊಡ್ಡದಾಗಬೇಕು. ಎಥೆನಾಲ್ ನೀರನ್ನೂ ಹೀರುತ್ತದೆ, ಹಾಗಾಗಿ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ತುಂಬಿಕೊಂಡು ಹೊರಡಬಾರದು.

ಡಿಕ್ಕಿ ನೋಡಿ ಖುಷಿಯಾಯಿತು. ಭಾರದ ಪೆಟ್ಟಿಗೆಗಳೆಲ್ಲ ಹಿಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡು ತಳದಲ್ಲಿದ್ದವು, ಬಟ್ಟೆಬರೆ ಮೇಲೆ. ಆಕ್ಸಲ್ಲಿನಾಚೆ ಭಾರ ಹೇರಿದರೆ ಬಾಲ ಕುಸಿದು ಸ್ಟೇರಿಂಗ್ ಹಗುರಾಗುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹಾದಿಯಲ್ಲಿ ಕೈಕೊಡುವ ಸಣ್ಣ ಸಾಮಾನು ಒಂದು ಸ್ಟೀಲ್ ಡಬ್ಬಿಯಲ್ಲಿ: ಪಾಯಿಂಟ್, ಕಂಡೆನ್ಸರ್, ರೋಟರ್, ಫ್ಯಾನ್ ಬೆಲ್ಟ್, ಹೋಸ್ ಕ್ಲಿಪ್ಪು, ಫ್ಯೂಸು, ತಂತಿ. ಕೆಲವನ್ನು ಪುಣೆಯ ಜುನಾ ಬಜಾರಿನಲ್ಲಿ ಹೆಕ್ಕಿದ್ದು. ನೀರಿನ ಕ್ಯಾನು ಕೈಗೆಟಕುವಲ್ಲೇ. ಬೆಂಕಿ ಆರಿಸುವ ಸಿಲಿಂಡರ್ ಡ್ರೈವರಿನ ಸೀಟಿನ ಪಕ್ಕ, ಡಿಕ್ಕಿಯಲ್ಲಲ್ಲ. ಈ ಒಂದು ತೀರ್ಮಾನಕ್ಕಾಗಿಯೇ ಆ ಹಿರಿಯರ ಮೇಲೆ ನನಗೆ ಗೌರವ ಹೆಚ್ಚಿತು.

ಟಯರಿನ ಗ್ರಿಪ್ಪು ಚೆನ್ನಾಗಿದ್ದರೂ ಸಾಲದು, ವಯಸ್ಸು ನೋಡಬೇಕು. ಪಕ್ಕದಲ್ಲಿ 2319 ಎಂದು ಅಚ್ಚಾಗಿದ್ದರೆ 2019ರ 23ನೇ ವಾರದ್ದು. ಬ್ರೇಕ್ ಎಣ್ಣೆಯೂ ನೀರು ಹೀರುವಂಥದ್ದು, ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಘಾಟ್ ಇಳಿಯುವಾಗ ಪೆಡಲು ಸಡಿಲಾಗುವ ಭಯ ಕಡಿಮೆ. ಇಳಿಜಾರಿನಲ್ಲಿ ಹತ್ತಿದ ಗೇರಿನಲ್ಲೇ ಇಳಿಯಬೇಕು. ರಿಪೇರಿ ಮುಗಿದ ಮೇಲೆ ನೂರು ಕಿಲೋಮೀಟರ್ ಊರ ಸುತ್ತ ಓಡಿಸಿ, ನಟ್ಟುಗಳನ್ನು ಮತ್ತೆ ಬಿಗಿದೇ ದೂರಕ್ಕೆ ಹೊರಡುವುದು ಯಜಮಾನರ ಪದ್ಧತಿ.

ಕಾಗದಪತ್ರದ ಬಗ್ಗೆ ಒಂದು ಮಾತು. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರಿಗೆ ‘ವಿಎ’ ಅಕ್ಷರದ ನಂಬರ್ ಪ್ಲೇಟು, 20,000 ರೂಪಾಯಿ ಶುಲ್ಕ. ಮೊದಲ ಕಾಂಟೆಸ್ಸಾಗೂ ಅದು 2034ಕ್ಕೆ ಮೊದಲು ಸಿಗದು. ಸಿಕ್ಕರೂ ಅದು ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥವಕ್ಕೆ ಮಾತ್ರ, ದಿನನಿತ್ಯದ ಓಡಾಟಕ್ಕಿಲ್ಲ. ಊರಿಂದೂರಿಗೆ ಓಡಿಸಬೇಕೆನ್ನುವವರು 15 ವರ್ಷದ ನಂತರ ಐದೈದು ವರ್ಷಕ್ಕೆ ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಳ್ಳುವುದು ಮೇಲು. ಧಾರವಾಡದ ಈ ಯಜಮಾನರು ಅದನ್ನೇ ಮಾಡಿಸಿದ್ದಾರೆ.