ಕುಡುಗೋಲು ಕಣ ರಕ್ತಹೀನತೆ

ತಂದೆತಾಯಿಗಳ ಲಕ್ಷಣಗಳು ವಂಶವಾಹಿಗಳ ಮೂಲಕ ಮಕ್ಕಳಿಗೆ ಬರುತ್ತವೆ. ಬಹುತೇಕ ವಂಶವಾಹಿಗಳು ಜೋಡಿಯಾಗಿರುತ್ತವೆ. ಒಂದು ಪ್ರತಿ ತಂದೆಯದು, ಇನ್ನೊಂದು ತಾಯಿಯದು. ವಂಶವಾಹಿಯಲ್ಲಿ ಎಂದೋ ಉಂಟಾದ ಬದಲಾವಣೆಗೆ ಉತ್ಪರಿವರ್ತನೆ ಎಂದು ಹೆಸರು.

ಹಿಮೋಗ್ಲೋಬಿನ್ನಿನ ವಂಶವಾಹಿಯಲ್ಲಿ ಒಂದೇ ಅಕ್ಷರದಷ್ಟು ವ್ಯತ್ಯಾಸವಾದರೂ ಸಾಕು, ಎರಡೂ ಪ್ರತಿಗಳಲ್ಲಿ ಅದಿದ್ದವರ ಕೆಂಪು ರಕ್ತಕಣಗಳು ಆಮ್ಲಜನಕ ಕಡಿಮೆಯಾದೊಡನೆ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಕೈಕಾಲು, ಎದೆ, ಹೊಟ್ಟೆಗಳಲ್ಲಿ ಸಹಿಸಲಾಗದ ನೋವು ಬರುತ್ತದೆ; ರಕ್ತಹೀನತೆ ಬಾಧಿಸುತ್ತದೆ.

ಇಷ್ಟು ಕೆಡುಕಿನ ಬದಲಾವಣೆ ಅಳಿದುಹೋಗಲಿಲ್ಲವೇಕೆ? ಒಂದೇ ಪ್ರತಿಯಲ್ಲಿ ಅದಿರುವವರು, ಅಂದರೆ ವಾಹಕರು, ಸಾಮಾನ್ಯವಾಗಿ ಆರೋಗ್ಯವಂತರು. ತೀವ್ರ ಮಲೇರಿಯಾದಿಂದ ಅವರಿಗೆ ಬಹುಮಟ್ಟಿನ ರಕ್ಷಣೆಯೂ ಉಂಟು. ಮಲೇರಿಯಾ ಕಾಡಿದ ಸೀಮೆಗಳಲ್ಲಿ ಇದು ಉಳಿದುಬಂದುದು ಹೀಗೆ. ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಅರಣ್ಯವಾಸಿಗಳಲ್ಲಿಯೂ ಇದು ಕಂಡುಬರುತ್ತದೆ.

ವಾಹಕರಿಬ್ಬರು ವಿವಾಹವಾದರೆ ಮಗುವಿಗೆ ರೋಗ ಬರುವ ಸಂಭವ 4ರಲ್ಲಿ 1. ಮೊದಲ ಮಗುವಿಗೆ ಬಂದಿತೆಂದು ಮುಂದಿನ ಮೂವರು ಪಾರಾದರೆಂದು ಎಣಿಸಬಾರದು. ಪ್ರತಿ ಗರ್ಭಕ್ಕೂ ಲೆಕ್ಕ ಹೊಸದು. ಇಂತಹ ಮಗು ಹುಟ್ಟಿದಾಗ ಸೊಸೆಯನ್ನೇ ದೂರುವ ಮನೆಗಳಿವೆ. ಇದು ಅನ್ಯಾಯ. ಒಂದು ಪ್ರತಿ ತಂದೆಯಿಂದಲೇ ಬಂದಿರುತ್ತದಲ್ಲವೇ?

ಆದುದರಿಂದ ವಧೂವರರಿಬ್ಬರೂ ವಿವಾಹಕ್ಕೆ ಮುನ್ನ ರಕ್ತಪರೀಕ್ಷೆ ಮಾಡಿಸಿಕೊಳ್ಳಿರಿ. ಇದಕ್ಕಾಗಿ 2023ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದು ಆರಂಭವಾಗಿದೆ. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ವಿವಾಹವಾದ ಮೇಲೆ ಇಬ್ಬರೂ ವಾಹಕರೆಂದು ತಿಳಿದುಬಂದಲ್ಲಿ, ಗರ್ಭ ನಿಂತ ಕೂಡಲೇ ವೈದ್ಯರಿಗೆ ತಿಳಿಸಿರಿ. ಗರ್ಭಸ್ಥ ಶಿಶುವಿಗೆ ರೋಗವಿದೆಯೇ ಎಂಬುದನ್ನು ಪರೀಕ್ಷೆಯಿಂದ ಅರಿಯಬಹುದು.