ಹಬ್‌ಗೆ ತೂತು ನಾಲ್ಕು, ಕರೆಂಟ್ ಬರುವ ದಾರಿ ಒಂದೇ

ಬದಿಯಡ್ಕ: ಇಲ್ಲಿಗೆ ಸಮೀಪದ ನಿವೃತ್ತ ಕನ್ನಡ ಮಾಸ್ತರರೊಬ್ಬರ ಮನೆಯ ಅಟ್ಟದಲ್ಲಿ ಒಂದು ಟ್ರಂಕು ಭರ್ತಿ ಕ್ಯಾಸೆಟ್‌ಗಳಿದ್ದವು. ಎಂಬತ್ತು, ತೊಂಬತ್ತರ ದಶಕದಲ್ಲಿ ದೇವಸ್ಥಾನದ ಚಾವಡಿ, ಮನೆಗಳ ಜಗಲಿಯಲ್ಲಿ ನಡೆದ ತಾಳಮದ್ದಳೆಗಳನ್ನು ಮಾಸ್ತರರೇ ಟೇಪ್ ರೆಕಾರ್ಡರ್ ಹಿಡಿದು ಕುಳಿತು ತುಂಬಿಸಿದ್ದು. ಕೆಲವದರಲ್ಲಿ ಅವರ ತಂದೆ ಹೇಳಿದ ಅರ್ಥವೂ ಉಂಟು. ತಂದೆ ಹೋಗಿ ಇಪ್ಪತ್ತು ವರ್ಷ ಕಳೆಯಿತು, ಸ್ವರ ಉಳಿದಿರುವುದು ಆ ಟ್ರಂಕಿನಲ್ಲಿ ಮಾತ್ರ.

ಮಳೆಗಾಲದ ಥಂಡಿಗೆ ಟೇಪುಗಳಿಗೆ ಬೂಸ್ಟು ಹಿಡಿಯತೊಡಗಿದಾಗ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ ಮುಂಬಯಿ, ದುಬೈಯಲ್ಲಿರುವ ಮಕ್ಕಳಿಗೂ ಕೊಡಬೇಕೆಂದು ಮಾಸ್ತರರು ಹೊರಟರು. ಮಂಗಳೂರಿನ ಕಾಲೇಜಿನಲ್ಲಿ ಓದುವ ಮೊಮ್ಮಗಳ ಲ್ಯಾಪ್‌ಟಾಪ್ ರಜೆಯಲ್ಲಿ ಹೇಗೂ ಮನೆಗೆ ಬಂದಿತ್ತು. ಆದರೆ ಅದರಲ್ಲಿ ಇದ್ದದ್ದು ಹಳೆ ಮಾದರಿಯ ಎರಡು ಯುಎಸ್‌ಬಿ ಪೋರ್ಟ್, ಚಾರ್ಜಿಗೆ ಒಂದು ಸಿ ಪೋರ್ಟ್, ಅಷ್ಟೆ. ಟೇಪಿನಿಂದ ಧ್ವನಿ ತೆಗೆದುಕೊಳ್ಳುವ ಪುಟ್ಟ ಸೌಂಡ್ ಕಾರ್ಡ್, ಮೌಸ್, ಪ್ರಿಂಟರ್, ತುಂಬಿಸಿಡಲು ಹಾರ್ಡ್ ಡಿಸ್ಕ್, ಇಷ್ಟಕ್ಕೆ ಎರಡು ಪೋರ್ಟ್ ಎಲ್ಲಿ ಸಾಕು? ಪೇಟೆಯಿಂದ ಇನ್ನೂರೈವತ್ತು ರೂಪಾಯಿಯ ನಾಲ್ಕು ತೂತಿನ ಹಬ್ ಬಂತು. ನಾಲ್ಕನ್ನೂ ಅದಕ್ಕೇ ಚುಚ್ಚಿದರು.

ಮೂರು ದಿನ ಸರಿಯೇ ಇತ್ತು. ನಾಲ್ಕನೇ ದಿನ ಕಾಪಿ ಆಗುತ್ತಿರುವಾಗಲೇ ಡಿಸ್ಕ್‌ನಿಂದ ಟಿಕ್ ಟಿಕ್ ಎಂದು ಸದ್ದು. ಪರದೆಯಿಂದ ಡಿಸ್ಕ್ ಮಾಯ. ತೆಗೆದು ಮತ್ತೆ ಹಾಕಿದರೆ 'ಫಾರ್ಮ್ಯಾಟ್ ಮಾಡಬೇಕೇ?' ಎಂದು ಲ್ಯಾಪ್‌ಟಾಪ್ ಕೇಳಿತು. ಪುಣ್ಯಕ್ಕೆ ಮೊಮ್ಮಗಳು 'ಬೇಡ' ಒತ್ತಿದಳು. ಮಂಗಳೂರಿನಲ್ಲಿ ಬಲ್ಲವರೊಬ್ಬರು ಹೆಚ್ಚಿನದನ್ನು ತೆಗೆದುಕೊಟ್ಟರು. ಆದರೆ ಒಂದು 'ಕರ್ಣಪರ್ವ'ದ ಎರಡನೇ ಭಾಗ ಸಿಗಲೇ ಇಲ್ಲ. ಆ ಕ್ಯಾಸೆಟ್ ಒಮ್ಮೆ ಓಡಿ ಮುಗಿಯುವಷ್ಟರಲ್ಲಿ ಟೇಪು ಹೊಸೆದುಕೊಂಡು ತುಂಡಾಗಿತ್ತು. ತಂದೆ ಕರ್ಣನಾಗಿದ್ದ ಪ್ರಸಂಗ ಅದು.

"ಎಂತ ಹೇಳುವುದು ಮಾರಾಯ್ರೆ, ನಾಲ್ಕು ತೂತು ಉಂಟು, ನಾಲ್ಕೂ ಹಾಕಿದೆ. ಹಾಕ್ಲಿಕ್ಕಲ್ಲದೆ ಮತ್ತೆಂತಕ್ಕೆ ಅದು ಇರುವುದು?" ಎಂದು ಮಾಸ್ತರರು ಕೇಳಿದರು. ಪ್ರಶ್ನೆ ನ್ಯಾಯದ್ದೇ. ಹಬ್ ಕೊಳ್ಳುವ ಹೆಚ್ಚಿನವರು ನೋಡುವುದೂ ಎಷ್ಟು ತೂತು, ಎಷ್ಟು ರೂಪಾಯಿ ಎಂಬ ಎರಡೇ ಲೆಕ್ಕ.

ಸುರಂಗದ ನೀರಿನ ಹಾಗೆ

ನಮ್ಮ ಕಡೆಯ ಸುರಂಗ ಗೊತ್ತಿರುವವರಿಗೆ ಹಬ್‌ನ ವಿಷಯ ಬೇಗ ತಲೆಗೆ ಹೋಗುತ್ತದೆ. ಗುಡ್ಡದ ಹೊಟ್ಟೆಯಿಂದ ಬರುವ ನೀರಿನ ಧಾರೆ ಒಂದೇ. ಅದಕ್ಕೆ ನಾಲ್ಕು ಪೈಪ್ ಇಟ್ಟರೆ ನೀರು ನಾಲ್ಕು ಪಾಲಾಗುತ್ತದೆಯೇ ವಿನಾ ನಾಲ್ಕು ಪಟ್ಟು ಆಗುವುದಿಲ್ಲ. ಹಬ್ ಕೂಡ ಹಾಗೆಯೇ. ಲ್ಯಾಪ್‌ಟಾಪಿನ ಒಂದು ಪೋರ್ಟ್ ಏನು ಕೊಡುತ್ತದೋ ಅದನ್ನು ಹಂಚುತ್ತದೆ, ಹೊಸತಾಗಿ ಏನನ್ನೂ ಹುಟ್ಟಿಸುವುದಿಲ್ಲ.

2000ದಲ್ಲಿ ಬಂದ ಯುಎಸ್‌ಬಿ 2.0 ನಿಯಮದಂತೆ ಒಂದು ಪೋರ್ಟ್ 5 ವೋಲ್ಟ್‌ನಲ್ಲಿ 500 ಮಿಲಿ ಆಂಪಿಯರ್ ಕೊಡಬೇಕು, ಎಂದರೆ ಎರಡೂವರೆ ವ್ಯಾಟ್. 2008ರ ಯುಎಸ್‌ಬಿ 3.0 ಅದನ್ನು 900 ಮಿಲಿ ಆಂಪಿಯರಿಗೆ, ನಾಲ್ಕೂವರೆ ವ್ಯಾಟಿಗೆ ಏರಿಸಿತು. ಹಬ್ ತನ್ನ ಹೊಟ್ಟೆಗೂ ಸ್ವಲ್ಪ ತೆಗೆದುಕೊಳ್ಳುತ್ತದೆ. ಸ್ವಂತ ಅಡಾಪ್ಟರ್ ಇಲ್ಲದ 2.0 ಹಬ್ ತನ್ನ ಒಂದೊಂದು ತೂತಿಗೆ ಖಾತ್ರಿಯಾಗಿ ಕೊಡಬೇಕಾದದ್ದು ಬರೇ 100 ಮಿಲಿ ಆಂಪಿಯರ್, 3.0 ಹಬ್ ಆದರೆ 150.

ಮೌಸ್, ಕೀಬೋರ್ಡ್‌ಗಳಿಗೆ ಇದು ಸಾಕೇ ಸಾಕು. ಪೆನ್ ಡ್ರೈವ್ ಸ್ವಲ್ಪ ಹೆಚ್ಚು ಎಳೆದರೂ ಬೇರೆಯವು ಸುಮ್ಮನಿದ್ದರೆ ನಡೆದುಹೋಗುತ್ತದೆ. ಪ್ರಿಂಟರ್ ದೊಡ್ಡದಾಗಿ ಕಾಣುತ್ತದೆ, ಆದರೆ ಅದಕ್ಕೆ ಗೋಡೆಯ ಪ್ಲಗ್‌ನಿಂದ ಬೇರೆಯೇ ಕರೆಂಟ್ ಇರುವುದರಿಂದ ಹಬ್‌ಗೆ ಅದು ಭಾರವೇ ಅಲ್ಲ. ತೊಂದರೆ ಕೊಡುವುದು ಅಂಗೈಯಗಲದ ಹಾರ್ಡ್ ಡಿಸ್ಕ್. ಅದರೊಳಗೆ ತಿರುಗುವ ತಟ್ಟೆ, ಮೋಟಾರ್ ಉಂಟು. ತಿರುಗಲು ಶುರುಮಾಡುವ ಹೊತ್ತಿಗೆ ಕೆಲವು ಡಿಸ್ಕ್‌ಗಳು ಒಂದು ಆಂಪಿಯರ್ ಹತ್ತಿರ ಹತ್ತಿರ ಕೇಳುತ್ತವೆ. ಅಗ್ಗದ ಹಬ್‌ನ ತೆಳು ತಂತಿಯಲ್ಲಿ ಅಷ್ಟು ಕರೆಂಟ್ ಹರಿಯುವಾಗ ವೋಲ್ಟೇಜ್ ಕುಸಿಯುತ್ತದೆ, ಮೋಟಾರ್ ಸೋಲುತ್ತದೆ, ಆಗ ಕೇಳುವುದೇ ಆ ಟಿಕ್ ಟಿಕ್. ಬರೆಯುತ್ತಿರುವಾಗ ಹೀಗಾದರೆ ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯೇ ಅರ್ಧಕ್ಕೆ ನಿಲ್ಲುತ್ತದೆ. ಮಾಸ್ತರರ ಮನೆಯಲ್ಲಿ ಆದದ್ದೂ ಹೀಗೇ ಇರಬೇಕು. ಮೂರು ದಿನ ಸರಿ ಇದ್ದದ್ದೇ ಮೋಸ. ಮೊದಲ ದಿನವೇ ಕೆಟ್ಟಿದ್ದರೆ ನಂಬುತ್ತಿರಲಿಲ್ಲ.

ಹಾಗಾದರೆ ದುಬಾರಿ ಹಬ್ ತರಲೇಬೇಕೇ? ಇಲ್ಲ. ಮಾಸ್ತರರ ಲ್ಯಾಪ್‌ಟಾಪಿನಲ್ಲಿ ಎರಡು ಪೋರ್ಟ್ ಇತ್ತು. ಡಿಸ್ಕನ್ನು ಒಂದಕ್ಕೆ ನೇರವಾಗಿ ಹಾಕಿ, ಮೌಸ್, ಸೌಂಡ್ ಕಾರ್ಡ್, ಪ್ರಿಂಟರನ್ನು ಅದೇ ಇನ್ನೂರೈವತ್ತು ರೂಪಾಯಿಯ ಹಬ್ ಮೂಲಕ ಇನ್ನೊಂದಕ್ಕೆ ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಕೂತು ಮಾಡಬೇಕಾದ ಲೆಕ್ಕ ಇದು: ಯಾವುದಕ್ಕೆ ಜೀವ ಹೆಚ್ಚು ಬೇಕು, ಅದು ಲ್ಯಾಪ್‌ಟಾಪಿಗೆ ನೇರ. ಪುಡಿ ಸಾಮಾನು ಹಬ್‌ಗೆ. ಹಬ್‌ಗೆ ಇನ್ನೊಂದು ಹಬ್ ಪೋಣಿಸುವ ಉಪಾಯವನ್ನೂ ಕೆಲವರು ಮಾಡುತ್ತಾರೆ. ಅಡಾಪ್ಟರ್ ಇಲ್ಲದವುಗಳಲ್ಲಿ ಅದು ಬೇಡವೇ ಬೇಡ, ಇದ್ದ ಪಾಲಿನಲ್ಲೇ ಮತ್ತೆ ಪಾಲು.

ಅಡಾಪ್ಟರ್ ಇರುವ ಹಬ್ ಯಾರಿಗೆ?

ಹೊಡೆತ ತಿಂದ ಮೇಲೆ ಮಾಸ್ತರರು ಒಂದು ಡಿಸ್ಕನ್ನು ನಂಬುವುದು ಬಿಟ್ಟರು. ಎರಡು ಡಿಸ್ಕ್, ಎರಡರಲ್ಲೂ ಪ್ರತಿ ಬೇಕು ಎಂದರು. ಎರಡನ್ನೂ ಒಟ್ಟಿಗೆ ಹಾಕಬೇಕಾದರೆ ಗೋಡೆಯಿಂದ ಸ್ವಂತ ಕರೆಂಟ್ ಎಳೆಯುವ ಹಬ್ಬೇ ಸರಿ. ಬೆಲೆ ಸಾದಾ ಹಬ್‌ನ ಹಲವು ಪಟ್ಟು. ಆದರೂ ಎರಡೆರಡು ಡಿಸ್ಕ್ ಇಡುವವರು, ಬೆರಳಚ್ಚು ಯಂತ್ರ, ಸ್ಕ್ಯಾನರ್, ಕ್ಯಾಮರಾ ಎಲ್ಲ ಒಂದೇ ಮೇಜಿನಲ್ಲಿ ಜೋಡಿಸುವ ಅಕ್ಷಯ ಕೇಂದ್ರದಂಥವರು ಇಲ್ಲಿ ಉಳಿತಾಯ ಮಾಡಬಾರದು.

ಇಲ್ಲಿಯೂ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಮರುಳಾಗದಿರಿ. ಅಡಾಪ್ಟರಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುವ ವೋಲ್ಟ್ ಮತ್ತು ಆಂಪಿಯರನ್ನು ಗುಣಿಸಿ. 5 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಸಿಗುವುದು 10 ವ್ಯಾಟ್. ಅದನ್ನು ಏಳು ತೂತಿಗೆ ಹಂಚಿದರೆ ಒಂದೊಂದಕ್ಕೆ ಒಂದೂವರೆ ವ್ಯಾಟೂ ಇಲ್ಲ, ಹೆಸರಿಗೆ ಮಾತ್ರ ಪವರ್ ಹಬ್. 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ 24 ವ್ಯಾಟ್, ಆಗ ಎರಡು ಡಿಸ್ಕ್ ಧೈರ್ಯದಿಂದ ಹಾಕಬಹುದು. ನಮ್ಮ ದೇಶದಲ್ಲಿ ಮಾರುವ ಇಂಥ ಅಡಾಪ್ಟರಿಗೆ ಬಿಐಎಸ್ ನೋಂದಣಿ ಕಡ್ಡಾಯ. ಆ ಗುರುತಿನ ಜತೆ 'ಆರ್' ಅಕ್ಷರದಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಇಲ್ಲದಿದ್ದರೆ ಕೈ ಹಿಂದೆ ತೆಗೆಯುವುದೇ ಒಳ್ಳೆಯದು.

ನಮ್ಮ ಊರಿಗೆ ಸೇರಿದ ಎರಡು ಮಾತು ಯಾವ ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ. ಒಂದು, ಕರೆಂಟ್ ಹೋಗುವುದು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಹಬ್‌ಗೆ ಇಲ್ಲ. ಮಳೆಗೆ ಮರ ಬಿದ್ದು ಲೈನ್ ಹೋದರೆ ಲ್ಯಾಪ್‌ಟಾಪ್ ಉರಿಯುತ್ತಲೇ ಇರುತ್ತದೆ, ಆದರೆ ಹಬ್ ಮೇಲಿನ ಡಿಸ್ಕ್ ಬರೆಯುತ್ತಿದ್ದಲ್ಲೇ ಸಾಯುತ್ತದೆ. ಆದ್ದರಿಂದ ಅಡಾಪ್ಟರನ್ನು ಇನ್ವರ್ಟರ್ ಅಥವಾ ಯುಪಿಎಸ್ ಇರುವ ಪ್ಲಗ್ಗಿಗೇ ಹಾಕಬೇಕು. ಎರಡು, ಸಿಡಿಲು. ತುಲಾ ತಿಂಗಳಿನ ಸಂಜೆಯ ಗುಡುಗು ಇಲ್ಲಿ ಎಷ್ಟು ಟಿವಿ, ಎಷ್ಟು ಮೋಡೆಮ್ ತಿಂದಿದೆ ಎಂದು ಹೇಳಬೇಕಾಗಿಲ್ಲ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಇಟ್ಟವರು ಹಬ್‌ನ ಅಡಾಪ್ಟರ್ ಮರೆಯುತ್ತಾರೆ. ಗೋಡೆಯಿಂದ ಹಬ್, ಹಬ್‌ನಿಂದ ಲ್ಯಾಪ್‌ಟಾಪ್, ಸಿಡಿಲಿಗೆ ದಾರಿ ಹಾಗೆಯೇ ಉಳಿಯುತ್ತದೆ.

ವೇಗ ಎಷ್ಟು ಬೇಕು?

ಅಂಗಡಿಯಲ್ಲಿ ಮೊದಲು ಕೇಳಿಸುವ ಮಾತು ವೇಗ. ಯುಎಸ್‌ಬಿ 2.0 ಸೆಕೆಂಡಿಗೆ 480 ಮೆಗಾಬಿಟ್, 3.0 ಆದರೆ 5 ಗಿಗಾಬಿಟ್. ಅಂತರ ದೊಡ್ಡದೇ, ಆದರೆ ಎಲ್ಲರಿಗೂ ಬೇಕಾದದ್ದಲ್ಲ. ಒಂದು ಗಂಟೆಯ ತಾಳಮದ್ದಳೆಯನ್ನು ಸಿಡಿ ಗುಣಮಟ್ಟದಲ್ಲಿ ತುಂಬಿಸಿದರೆ ಸುಮಾರು 635 ಮೆಗಾಬೈಟ್ ಆಗುತ್ತದೆ, ಹಳೆಯ 2.0 ಹಬ್‌ನಲ್ಲೂ ಇಪ್ಪತ್ತು ಸೆಕೆಂಡಿನ ಆಚೀಚೆ ದಾಟಿಹೋಗುತ್ತದೆ. ಮದುವೆಯ ವಿಡಿಯೋ ನೂರು ಗಿಗಾಬೈಟ್ ಇದ್ದರೆ ಕಥೆ ಬೇರೆ. 2.0ದಲ್ಲಿ ಮುಕ್ಕಾಲು ಗಂಟೆಗೂ ಮೇಲೆ ಕಾಯಬೇಕು. 3.0 ಆದರೆ ಸಾಮಾನ್ಯ ಹಾರ್ಡ್ ಡಿಸ್ಕ್‌ನಲ್ಲಿ ಹದಿನೈದು, ಇಪ್ಪತ್ತು ನಿಮಿಷ.

3.0 ಎಂದು ಬರೆದ ಎಲ್ಲ ಹಬ್‌ನಲ್ಲೂ ಎಲ್ಲ ತೂತು 3.0 ಅಲ್ಲ. ಒಂದು 3.0, ಉಳಿದ ಮೂರು 2.0 ಇರುವ ಹಬ್‌ಗಳು ಧಾರಾಳ ಮಾರಾಟವಾಗುತ್ತವೆ. ನೀಲಿ ಬಣ್ಣ ಕಂಡರೆ 3.0 ಎನ್ನುವುದು ವಾಡಿಕೆ, ಆದರೆ ಬಣ್ಣ ಯಾರೂ ಬಳಿಯಬಹುದು. ಅಗಲದ ಹಳೆ ಮಾದರಿಯ ಪ್ಲಗ್ ಆದರೆ ಒಳಗೆ ಇಣುಕಿ ನೋಡಿ: ಮುಂದೆ ನಾಲ್ಕು ಪಟ್ಟಿ ಮಾತ್ರ ಇದ್ದರೆ 2.0, ಹಿಂದೆ ಇನ್ನೂ ಐದು ಸಣ್ಣವು ಇದ್ದರೆ 3.0. ಇನ್ನೊಂದು ಸಣ್ಣ ವಿಷಯ. ತಂತಿ ಇಲ್ಲದ ಮೌಸ್‌ನ ರಿಸೀವರನ್ನು 3.0 ಹಬ್‌ನಲ್ಲಿ ಡಿಸ್ಕ್‌ನ ಪಕ್ಕಕ್ಕೇ ಚುಚ್ಚಿದರೆ ಮೌಸ್ ತಡೆದು ತಡೆದು ಓಡುವುದುಂಟು. ಮೌಸ್ ಹಾಳಾಗಿದೆ ಎಂದು ಎಸೆಯಬೇಡಿ, 3.0ದ ಸದ್ದು ಮೌಸ್ ಬಳಸುವ ರೇಡಿಯೋ ಅಲೆಗೆ ಅಡ್ಡ ಬರುತ್ತದೆ. ರಿಸೀವರನ್ನು ದೂರದ ಪೋರ್ಟಿಗೆ ಬದಲಾಯಿಸಿದರೆ ಸರಿಯಾಗುತ್ತದೆ.

ಸಿ ಪೋರ್ಟಿನ ಗೊಂದಲ

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿ ಪೋರ್ಟೇ ಹೆಚ್ಚು. ಅದಕ್ಕೆ ಹಾಕುವ ಹಬ್‌ನಲ್ಲಿ ಪ್ರೊಜೆಕ್ಟರಿನ ಎಚ್‌ಡಿಎಂಐ, ಇಂಟರ್‌ನೆಟ್ ಕೇಬಲ್, ಕಾರ್ಡ್ ಜಾಗ ಎಲ್ಲ ಒಟ್ಟಿಗೆ ಸಿಗುತ್ತದೆ. ಶಾಲೆಯ ಟೀಚರುಗಳು ಇದನ್ನು ಕೇಳಿ ಹೋಗುತ್ತಾರೆ. ಎಚ್ಚರ ಬೇಕಾದದ್ದು ಇಷ್ಟೇ: ಸಿ ಪೋರ್ಟ್ ನೋಡಲು ಎಲ್ಲ ಒಂದೇ, ಕೆಲಸ ಒಂದೇ ಅಲ್ಲ. ಕೆಲವು ಫೈಲ್ ಮಾತ್ರ ದಾಟಿಸುತ್ತವೆ, ಚಿತ್ರವನ್ನು ಹೊರಗಿನ ಪರದೆಗೆ ಕಳುಹಿಸುವುದಿಲ್ಲ. ಅಂಥ ಪೋರ್ಟಿಗೆ ಎಷ್ಟು ಬೆಲೆಯ ಎಚ್‌ಡಿಎಂಐ ಹಬ್ ಹಾಕಿದರೂ ಗೋಡೆ ಬೆಳಗುವುದಿಲ್ಲ. ಲ್ಯಾಪ್‌ಟಾಪಿನ ಕೈಪಿಡಿಯಲ್ಲಿ ಆ ಪೋರ್ಟ್ ಡಿಸ್‌ಪ್ಲೇಗೆ ಆಗುತ್ತದೆಯೇ ಎಂದು ನೋಡಿಯೇ ಹೊರಡಬೇಕು. ಕೈಟ್ ಮೂಲಕ ಶಾಲೆಗೆ ಬಂದ ಉಬುಂಟು ಲ್ಯಾಪ್‌ಟಾಪ್‌ಗಳಲ್ಲಿ ಸಾದಾ ಹಬ್‌ಗೆ ಯಾವ ಡ್ರೈವರೂ ಬೇಡ. ಡ್ರೈವರ್ ಹಾಕಿದರೆ ಮಾತ್ರ ಪರದೆ ತೋರಿಸುವ ಜಾತಿಯ ಹಬ್‌ಗಳಿವೆ, ಶಾಲೆಗೆ ಅವು ತಲೆನೋವು.

ಹಬ್ ಮೂಲಕವೇ ಲ್ಯಾಪ್‌ಟಾಪ್ ಚಾರ್ಜ್ ಮಾಡುವವರು ನೆನಪಿಡಬೇಕಾದ್ದು, 65 ವ್ಯಾಟಿನ ಚಾರ್ಜರ್ ಹಾಕಿದರೆ ಪೂರ್ತಿ 65 ಲ್ಯಾಪ್‌ಟಾಪಿಗೆ ತಲುಪುವುದಿಲ್ಲ, ಹಬ್ ತನ್ನ ಪಾಲು ಹಿಡಿದಿಡುತ್ತದೆ. ಜತೆಗೆ ಚಾರ್ಜರ್ ಹಾಕುವಾಗ, ಕೀಳುವಾಗ ಕೆಲವು ಹಬ್‌ಗಳು ಒಂದು ಕ್ಷಣ ಎಲ್ಲವನ್ನೂ ಬಿಟ್ಟು ಮತ್ತೆ ಹಿಡಿಯುತ್ತವೆ. ಕಾಪಿ ನಡೆಯುತ್ತಿರುವಾಗ ಚಾರ್ಜರಿಗೆ ಕೈ ಹಾಕದಿರುವುದು ಕ್ಷೇಮ.

ಗಡಿಯ ಈಚೆಯವರು ಇಂಥ ಸಾಮಾನಿಗೆ ಮಂಗಳೂರಿಗೆ ಹೋಗುವುದು ಹೆಚ್ಚು. ಹೋಗಲಿ, ಆದರೆ ಬಿಲ್ ಬಿಡಬೇಡಿ. ಒಂದು ವಾರದೊಳಗೆ ಬದಲಿಸಿ ಕೊಡುತ್ತೀರಾ ಎಂದು ಬಾಯಿಬಿಟ್ಟು ಕೇಳಿ, ಇನ್ನೂರು ರೂಪಾಯಿಯ ಹಬ್ ಬದಲಿಸಲು ಬಸ್ಸಿನಲ್ಲಿ ಮತ್ತೆ ಹೋಗಿಬರುವ ಖರ್ಚೇ ಅದಕ್ಕಿಂತ ಹೆಚ್ಚಾದೀತು. ಸಾಧ್ಯವಾದರೆ ಲ್ಯಾಪ್‌ಟಾಪ್ ಮತ್ತು ಡಿಸ್ಕನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ, ಅಂಗಡಿಯಲ್ಲೇ ಜೋಡಿಸಿ ಒಂದು ದೊಡ್ಡ ಫೈಲ್ ಕಾಪಿ ಮಾಡಿ ನೋಡಿ. ಆ ಡಿಸ್ಕ್‌ನಲ್ಲಿ ಬೇರೆಲ್ಲೂ ಇಲ್ಲದ ಫೈಲ್ ಮಾತ್ರ ಇರಬಾರದು.

ಮಾಸ್ತರರ ಮನೆಯಲ್ಲಿ ಈಗ ಅಡಾಪ್ಟರ್ ಇರುವ ಹಬ್ ಕೂತಿದೆ, ಇನ್ವರ್ಟರಿನ ಪ್ಲಗ್‌ನಲ್ಲಿ. ಹಳೆಯ ಹಬ್ ಎಸೆದಿಲ್ಲ, ಮೊಮ್ಮಗಳು ಮಂಗಳೂರಿನ ಹಾಸ್ಟೆಲಿಗೆ ಕೊಂಡುಹೋಗಿ ಮೌಸ್, ಕೀಬೋರ್ಡ್ ಹಾಕಿದ್ದಾಳೆ. ತುಂಡಾದ 'ಕರ್ಣಪರ್ವ'ದ ಟೇಪನ್ನು ಮಾಸ್ತರರು ಅಂಟುಪಟ್ಟಿ ಹಚ್ಚಿ ಜೋಡಿಸಿ ಇನ್ನೊಂದು ಕ್ಯಾಸೆಟ್ಟಿನ ಗೂಡಿಗೆ ಸುತ್ತಿಟ್ಟಿದ್ದಾರೆ. ಥಂಡಿ ಆರಿದ ಮೇಲೆ, ಬಿಸಿಲು ಬಂದ ಮೇಲೆ ಒಮ್ಮೆ ಓಡಿಸಿ ನೋಡುವುದಂತೆ. ಟ್ರಂಕಿನಲ್ಲಿ ಇನ್ನು ಹದಿನಾಲ್ಕು ಕ್ಯಾಸೆಟ್ ಬಾಕಿ.